ಯಾವ ದೇವರು ಇಲ್ಲ ಅಂತ? ನಾಸ್ತಿಕ ಪುಸ್ತಕ ಆರಿಸಿಕೊಳ್ಳುವವರಿಗೆ

ದಸರಾ ರಜೆಗೆ ತಂಗಿಯ ಮಗ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ. ರಾತ್ರಿ ಊಟ ಆದ ಮೇಲೆ ಪುಸ್ತಕದ ಕಪಾಟಿನ ಮುಂದೆ ತುಂಬ ಹೊತ್ತು ನಿಂತಿದ್ದ. ಆಮೇಲೆ ದನಿ ತಗ್ಗಿಸಿ ಕೇಳಿದ: "ದೊಡ್ಡಮ್ಮ, ದೇವರಿಲ್ಲ ಅಂತ ವಾದ ಮಾಡೋ ಒಳ್ಳೇ ಪುಸ್ತಕ ಒಂದು ಹೇಳಿ. ಅಮ್ಮನಿಗೆ ಗೊತ್ತಾಗೋದು ಬೇಡ."

"ಯಾವ ದೇವರು ಇಲ್ಲ ಅಂತ?" ಅಂದೆ.

ಹುಡುಗ ತಬ್ಬಿಬ್ಬಾದ. ನಾನು ತಮಾಷೆಗೆ ಕೇಳಿದ್ದಲ್ಲ. ಲೋಕವನ್ನೆಲ್ಲ ತಾನೊಬ್ಬನೇ ಸೃಷ್ಟಿಸಿ, ಕೊನೆಗೊಂದು ದಿನ ತೀರ್ಪು ಕೊಡುವ ದೇವರು ಒಬ್ಬ. ಹರಕೆ ಮರೆತರೆ ಮುನಿಯುವ ಮನೆದೇವರು ಇನ್ನೊಬ್ಬ. ಆಕಾರವೂ ಗುಣವೂ ಇಲ್ಲದ ಬ್ರಹ್ಮದ ಮಾತೇ ಬೇರೆ. ಇವೆಲ್ಲದರ ಹಿಂದೆ, ಹೋದ ಜನ್ಮದ ಲೆಕ್ಕ ಇಡುವ ಕರ್ಮ ಅಂತ ಒಂದಿದೆ. ಒಂದನ್ನು ಕೆಡವುವ ವಾದ ಎಷ್ಟೋ ಸಲ ಇನ್ನೊಂದನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಪುಸ್ತಕ ಆರಿಸುವ ಮೊದಲು ನಮ್ಮ ಪ್ರಶ್ನೆ ಯಾವ ದೇವರ ಬಗ್ಗೆ ಅಂತ ಗೊತ್ತಿರಬೇಕು.

ಇದು ನನಗೆ ಗೊತ್ತಾಗಿದ್ದು ತಡವಾಗಿ. 2007ರಲ್ಲಿ ರಿಚರ್ಡ್ ಡಾಕಿನ್ಸ್ ಅವರ 'ದಿ ಗಾಡ್ ಡೆಲ್ಯೂಷನ್' ಕೊಂಡು ತಂದೆ. ಹಿಂದಿನ ವರ್ಷವಷ್ಟೇ ಬಂದಿತ್ತು, ಎಲ್ಲರ ಬಾಯಲ್ಲೂ ಅದೇ. ಹತ್ತು ದಿನ ಹಿಡಿದು ಓದಿದೆ. ಪುಟ ಪುಟಕ್ಕೂ ತಲೆದೂಗಿದೆ. ಅದೇ ಸಮಯದಲ್ಲಿ ನನ್ನ ಅಮ್ಮ ಹಾಸಿಗೆ ಹಿಡಿದಿದ್ದರು. ಮೂವತ್ತು ವರ್ಷ ಸಂಕಷ್ಟಿ ಬಿಡದೆ ಮಾಡಿದವರು, ಚಂದ್ರನನ್ನು ನೋಡದೆ ತುತ್ತು ಮುಟ್ಟಿದವರಲ್ಲ. ನೋವು ಜಾಸ್ತಿಯಾದಾಗ "ಯಾವ ಜನ್ಮದ ಪಾಪವೋ, ಅನುಭವಿಸ್ಲೇಬೇಕು" ಅನ್ನುತ್ತಿದ್ದರು. ಆ ಒಂದು ಮಾತಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ನಾಲ್ಕುನೂರು ಪುಟದ ಪುಸ್ತಕ ಓದಿ ಮುಗಿಸಿದ್ದೆ, ಆದರೆ ಅಮ್ಮನ ನಂಬಿಕೆ ಅದರಲ್ಲಿ ಎಲ್ಲೂ ಇರಲಿಲ್ಲ.

ಅದು ಡಾಕಿನ್ಸ್ ಅವರ ತಪ್ಪಲ್ಲ. ತಾವು ಮುಖ್ಯವಾಗಿ ಕ್ರೈಸ್ತ ಧರ್ಮವನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ ಅಂತ ಅವರೇ ಮೊದಲಿಗೆ ಹೇಳಿಬಿಡುತ್ತಾರೆ. ಬೌದ್ಧ ಧರ್ಮದ ತಂಟೆಗೇ ಹೋಗುವುದಿಲ್ಲ ಅಂತಲೂ ಹೇಳುತ್ತಾರೆ. ಹಿಂದೂ ಧರ್ಮದ ಮಾತು ಅಲ್ಲಲ್ಲಿ ಬಂದು ಹೋಗುತ್ತದೆ, ಅಷ್ಟೇ. ನಾನು ಬೇರೆ ಪ್ರಶ್ನೆ ಇಟ್ಟುಕೊಂಡು ಆ ಪುಸ್ತಕ ತೆರೆದಿದ್ದೆ.

ಅವರ ಪುಸ್ತಕದಲ್ಲಿ ಒಂದು ಒಳ್ಳೆಯ ಅಳತೆಗೋಲು ಇದೆ. ದೇವರಿದ್ದಾನೆ ಅಂತ ಪೂರ್ತಿ ಖಾತ್ರಿ ಇರುವವರಿಗೆ 1, ಇಲ್ಲ ಅಂತ ಪೂರ್ತಿ ಖಾತ್ರಿ ಇರುವವರಿಗೆ 7. ಡಾಕಿನ್ಸ್ ತಮ್ಮನ್ನು 6ರಲ್ಲಿ ಇಟ್ಟುಕೊಳ್ಳುತ್ತಾರೆ. ನಮ್ಮವರು ಇದನ್ನು ಸ್ವಲ್ಪ ಬದಲಾಯಿಸಿಕೊಳ್ಳಬೇಕು ಅನ್ನುವುದು ನನ್ನ ಸಲಹೆ. ಒಂದು ಚೀಟಿ ತೆಗೆದುಕೊಳ್ಳಿ. ಸೃಷ್ಟಿಕರ್ತನಿಗೆ ಒಂದು ಅಂಕ, ಮನೆದೇವರಿಗೆ ಒಂದು, ಕರ್ಮಕ್ಕೆ ಒಂದು, ಪವಾಡಕ್ಕೆ ಒಂದು ಬರೆಯಿರಿ. ನಾಲ್ಕೂ ಬೇರೆ ಬೇರೆ ಬಂದರೆ ಗಾಬರಿ ಬೇಡ. ನನ್ನ ತಂಗಿಯ ಮಗ ಸೃಷ್ಟಿಕರ್ತನಿಗೆ 6 ಬರೆದ, ಪವಾಡಕ್ಕೆ 7. ಕರ್ಮಕ್ಕೆ ಬಂದಾಗ ಪೆನ್ನು ನಿಂತಿತು. ಕೊನೆಗೆ 3 ಬರೆದ. ಯಾವ ಅಂಕದ ಮುಂದೆ ಪೆನ್ನು ನಿಲ್ಲುತ್ತದೋ ಅದರ ಬಗ್ಗೆ ಇರುವ ಪುಸ್ತಕವೇ ನಿಮ್ಮ ಮೊದಲ ಪುಸ್ತಕ.

ಕನ್ನಡದಲ್ಲಿ ಓದುವುದಾದರೆ: ಮೂರ್ತಿರಾಯರ 'ದೇವರು'

ಕನ್ನಡ ಓದಬಲ್ಲ ಯಾರೇ ಕೇಳಿದರೂ ನಾನು ಮೊದಲು ಕೈಗೆ ಕೊಡುವುದು ಎ.ಎನ್. ಮೂರ್ತಿರಾವ್ ಅವರ 'ದೇವರು'. ಅವರು ಹುಟ್ಟಿದ್ದು 1900ರಲ್ಲಿ, ಪುಸ್ತಕ ಬಂದಿದ್ದು 1991ರಲ್ಲಿ. ತೊಂಬತ್ತು ದಾಟಿದ ಮನುಷ್ಯ ದೇವರ ಬಗ್ಗೆ ಬರೆದಿದ್ದಾರೆ, ಇಲ್ಲ ಅಂತ ಬರೆದಿದ್ದಾರೆ. ಅದಕ್ಕೆ ಮರುವರ್ಷ ಪಂಪ ಪ್ರಶಸ್ತಿಯೂ ಬಂತು. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ವಯಸ್ಸಾದ ಮೇಲೆ ಎಲ್ಲರೂ ದೇವರ ಕಡೆ ತಿರುಗುತ್ತಾರೆ ಅನ್ನುವ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಬರುತ್ತದೆ, ಅಲ್ವಾ? ಸಾವಿಗೆ ಹತ್ತಿರವಾದ ವಯಸ್ಸಿನಲ್ಲಿ, ಯಾವ ಅವಸರವೂ ಇಲ್ಲದೆ, ಯಾರ ಮೇಲೂ ಸಿಟ್ಟಿಲ್ಲದೆ ಬರೆದ ಪುಸ್ತಕ ಇದು. ಅವರು ಬದುಕಿದ್ದು 2003ರವರೆಗೆ.

ಮೂರ್ತಿರಾಯರು ಇಂಗ್ಲಿಷ್ ಮೇಷ್ಟ್ರು, ಲಲಿತ ಪ್ರಬಂಧ ಬರೆದು ಹೆಸರಾದವರು. ಹಾಗಾಗಿ ವಾದ ಮಾಡುವಾಗಲೂ ಪ್ರಬಂಧದ ಧಾಟಿ ಬಿಡುವುದಿಲ್ಲ. ಜಗಲಿಯ ಮೇಲೆ ಕೂತು ಮಾತಾಡಿದ ಹಾಗಿದೆ. ದಯಾಮಯ, ಸರ್ವಶಕ್ತ ಅಂತ ಕರೆಯುವ ದೇವರಿದ್ದರೆ ಲೋಕದಲ್ಲಿ ಇಷ್ಟು ದುಃಖ ಯಾಕೆ ಅನ್ನುವ ಪ್ರಶ್ನೆಯನ್ನು ಬಿಡದೆ ಹಿಡಿಯುತ್ತಾರೆ. ಅದಕ್ಕೆ ನಮ್ಮವರು ಕೊಡುವ ಉತ್ತರ ಕರ್ಮ ಅನ್ನುವುದು ಅವರಿಗೆ ಗೊತ್ತು. ಆ ಉತ್ತರವನ್ನೂ ತೆಗೆದುಕೊಂಡು ನೋಡುತ್ತಾರೆ. ಪೂಜೆ, ಪ್ರಾರ್ಥನೆ ಅಂದರೆ ಏನು ಅಂತ ಅವರಿಗೆ ಹೊರಗಿನವರ ಹಾಗೆ ವಿವರಿಸಿ ಹೇಳಬೇಕಾಗಿಲ್ಲ. ಓದುವವರ ಅಜ್ಜಿಯನ್ನು ಅವರು ಬಲ್ಲರು.

ಕೊರತೆ ಇಲ್ಲವೇ? ಇದೆ. ವಿಜ್ಞಾನದ ವಾದ ಬೇಕು, ಜೀವವಿಕಾಸ ಹೇಗೆ ನಡೆಯಿತು ಅಂತ ಬೇಕು ಅನ್ನುವವರಿಗೆ ಇದು ಸಾಲುವುದಿಲ್ಲ. ಬಿರುಸಿನ ಜಗಳ ಬೇಕು ಅನ್ನುವ ವಯಸ್ಸಿನವರಿಗೆ ನಿಧಾನ ಅನ್ನಿಸಬಹುದು. ಆದರೆ ಮನೆಯವರ ಮುಂದೆ ಬಿಚ್ಚಿಟ್ಟು ಓದಬಹುದಾದ ನಾಸ್ತಿಕ ಪುಸ್ತಕ ಇದೊಂದೇ ಅಂತ ನನಗೆ ಅನ್ನಿಸಿದೆ. ಇದನ್ನು ಓದಿ ಆಸ್ತಿಕರಿಗೆ ನೋವಾಗಬಹುದು, ಅವಮಾನ ಆಗುವುದಿಲ್ಲ.

ಒಂದು ಗಂಟೆ ಮಾತ್ರ ಇದ್ದರೆ

ಚಿಕ್ಕದಾಗಿ ಏನಾದರೂ ಬೇಕು ಅನ್ನುವವರ ಮುಂದೆ ಎರಡು ದಾರಿ ಇದೆ: ಭಗತ್ ಸಿಂಗ್, ಇಲ್ಲವೇ ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್. ಎರಡೂ ಪುಸ್ತಕವಾಗಿ ಹುಟ್ಟಿದ್ದಲ್ಲ. ಒಂದು ಜೈಲಿನಲ್ಲಿ ಬರೆದ ಲೇಖನ, ಇನ್ನೊಂದು ಸಭೆಯಲ್ಲಿ ಮಾಡಿದ ಭಾಷಣ. ಎರಡರ ನಡುವೆ ಮೂರೂವರೆ ವರ್ಷದ ಅಂತರ ಅಷ್ಟೇ. ಆದರೆ ಓದಿದಾಗ ಆಗುವ ಅನುಭವ ಬೇರೆ ಬೇರೆ.

ರಸೆಲ್ ತಮ್ಮ 'ವೈ ಐ ಆಮ್ ನಾಟ್ ಎ ಕ್ರಿಶ್ಚಿಯನ್' ಭಾಷಣ ಮಾಡಿದ್ದು 1927ರ ಮಾರ್ಚ್ 6ರಂದು, ಲಂಡನ್ನಿನ ಬ್ಯಾಟರ್ಸೀ ಟೌನ್ ಹಾಲಿನಲ್ಲಿ. ಅದು ತರ್ಕ ಕಲಿಸುವ ಪಾಠ. ದೇವರಿದ್ದಾನೆ ಅನ್ನಲು ಕೊಡುವ ಕಾರಣಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು ನೋಡುತ್ತಾರೆ. ಎಲ್ಲಕ್ಕೂ ಒಂದು ಮೂಲ ಕಾರಣ ಬೇಕು, ಅದೇ ದೇವರು ಅಂತೀರಾ? ಹಾಗಾದರೆ ದೇವರಿಗೆ ಕಾರಣ ಯಾವುದು? ಕಾರಣವಿಲ್ಲದೆ ದೇವರು ಇರಬಹುದಾದರೆ ಲೋಕವೂ ಇರಬಹುದಲ್ಲ? ಇಲ್ಲಿ ಅವರು ನಮ್ಮ ಕಡೆಯ ಉದಾಹರಣೆ ತರುತ್ತಾರೆ. ಭೂಮಿ ಆನೆಯ ಮೇಲೆ, ಆನೆ ಆಮೆಯ ಮೇಲೆ ನಿಂತಿದೆ ಅನ್ನುವ ಭಾರತದವನನ್ನು "ಆಮೆ ಯಾವುದರ ಮೇಲೆ?" ಅಂತ ಕೇಳಿದರೆ ಅವನು ಮಾತು ಬದಲಾಯಿಸುತ್ತಾನೆ. ಭಾಷಣದ ಅರ್ಧ ಭಾಗ ಏಸುವಿನ ಸ್ವಭಾವದ ಬಗ್ಗೆ ಇದೆ. ಬೈಬಲ್ ಗೊತ್ತಿಲ್ಲದವರಿಗೆ ಅದು ಅಷ್ಟಾಗಿ ನಾಟುವುದಿಲ್ಲ. ಮೊದಲ ಅರ್ಧ ಮಾತ್ರ ಎಲ್ಲಿಯವರು ಓದಿದರೂ ಉಪಯೋಗಕ್ಕೆ ಬರುತ್ತದೆ. ಇಂಗ್ಲಿಷೂ ತಿಳಿಯಾಗಿದೆ, ಪಿಯುಸಿ ಮಕ್ಕಳೂ ಓದಿಕೊಳ್ಳಬಹುದು.

ಭಗತ್ ಸಿಂಗ್ ಅವರ ಲೇಖನ ಪಾಠದ ಹಾಗಿಲ್ಲ. 1930ರ ಅಕ್ಟೋಬರ್ ಮೊದಲ ವಾರ, ಲಾಹೋರ್ ಸೆಂಟ್ರಲ್ ಜೈಲು. ಇಪ್ಪತ್ತಮೂರು ವರ್ಷದ ಹುಡುಗ, ಇನ್ನೇನು ತೀರ್ಪು ಬರುವುದಿದೆ, ಗಲ್ಲು ಖಾತ್ರಿ ಅಂತ ಗೊತ್ತಿದೆ. ನೀನು ದೇವರನ್ನು ನಂಬದಿರುವುದು ಅಹಂಕಾರದಿಂದ ಅಂತ ಕೆಲವರು ಅಂದಿದ್ದರು. ಅದಕ್ಕೆ ಉತ್ತರವಾಗಿ ಬರೆದದ್ದು 'ನಾನೇಕೆ ನಾಸ್ತಿಕ'. ಚಿಕ್ಕವನಿದ್ದಾಗ ಗಂಟೆಗಟ್ಟಲೆ ಗಾಯತ್ರಿ ಜಪ ಮಾಡುತ್ತಿದ್ದೆ ಅಂತ ಅವರೇ ಹೇಳಿಕೊಳ್ಳುತ್ತಾರೆ. ಆಮೇಲೆ ಓದು, ಚಳವಳಿ, ಸಂದೇಹ. ಮೊದಲ ಸಲ ಸೆರೆ ಸಿಕ್ಕಾಗ ಪೊಲೀಸರು ದೇವರ ಪ್ರಾರ್ಥನೆ ಮಾಡು ಅಂತ ಒತ್ತಾಯಿಸಿದ್ದು, ತಾನು ಮಾಡದೇ ಉಳಿದದ್ದು.

ನನಗೆ ಬೇಕಾಗಿದ್ದುದು ಇದರಲ್ಲೇ ಸಿಕ್ಕಿತು. ಕರ್ಮದ ವಾದಕ್ಕೆ ಭಗತ್ ಸಿಂಗ್ ನೇರವಾಗಿ ಕೈ ಹಾಕುತ್ತಾರೆ. ಹಿಂದಿನ ಜನ್ಮದ ಪಾಪಕ್ಕೆ ಶಿಕ್ಷೆ ಅಂತ ಬಡವರ ಮನೆಯಲ್ಲಿ ಹುಟ್ಟಿಸುತ್ತೀರಿ. ಹಾಗೆ ಹುಟ್ಟಿದವನಿಗೆ ಓದು ಸಿಗುವುದಿಲ್ಲ, ಮೇಲಿನವರು ಹತ್ತಿರ ಸೇರಿಸುವುದಿಲ್ಲ. ಅಂಥವನು ತಪ್ಪು ದಾರಿ ಹಿಡಿದರೆ ಹೊಣೆ ಯಾರದು? ದೇವರದೋ, ಅವನದೋ, ಓದಿದವರದೋ? ಈ ಸಿದ್ಧಾಂತವನ್ನು ಕಟ್ಟಿದ್ದು ಅನುಕೂಲ ಇದ್ದವರು, ತಮ್ಮ ಅನುಕೂಲ ಉಳಿಸಿಕೊಳ್ಳಲು ಅನ್ನುತ್ತಾರೆ. ರಸೆಲ್ ಭಾಷಣದಲ್ಲಿ ಈ ಮಾತು ಬರಲು ಸಾಧ್ಯವಿರಲಿಲ್ಲ.

ಸಾವಿನ ಬಗ್ಗೆ ಬರೆದ ಭಾಗ ಓದುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ. ನಂಬುವ ಹಿಂದೂ ಮುಂದಿನ ಜನ್ಮದಲ್ಲಿ ರಾಜನಾಗಬಹುದು ಅಂದುಕೊಳ್ಳಬಹುದು, ಮುಸಲ್ಮಾನನೂ ಕ್ರೈಸ್ತನೂ ಸ್ವರ್ಗದ ಕನಸು ಕಾಣಬಹುದು. ತನಗೆ ಮಾತ್ರ ಕುಣಿಕೆ ಬಿಗಿಯುವ ಗಳಿಗೆಯೇ ಕೊನೆಯದು, ಅದರಾಚೆ ಏನೂ ಇಲ್ಲ. ಇದನ್ನು ಗೊತ್ತಿದ್ದೇ ಬರೆದಿದ್ದಾರೆ. 1931ರ ಮಾರ್ಚ್ 23ರಂದು ಗಲ್ಲಾಯಿತು. ಲೇಖನ ಅಚ್ಚಾಗಿದ್ದು ಅದೇ ಸೆಪ್ಟೆಂಬರಿನಲ್ಲಿ, ಲಾಹೋರಿನ 'ದಿ ಪೀಪಲ್' ಪತ್ರಿಕೆಯಲ್ಲಿ. ಕನ್ನಡ ಅನುವಾದವೂ ಸಿಗುತ್ತದೆ.

ತರ್ಕದ ಕಸರತ್ತು ಬೇಕಿದ್ದರೆ ರಸೆಲ್. ನಂಬಿಕೆ ಬಿಟ್ಟವನು ಧೈರ್ಯ ಎಲ್ಲಿಂದ ತರುತ್ತಾನೆ ಅನ್ನುವ ಪ್ರಶ್ನೆ ಇದ್ದರೆ ಭಗತ್ ಸಿಂಗ್. ಒಂದೇ ಅಂದರೆ, ಭಗತ್ ಸಿಂಗ್.

ಡಾಕಿನ್ಸ್, ಹಿಚೆನ್ಸ್

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಇವರಿಬ್ಬರೇ. ಡಾಕಿನ್ಸ್ ಜೀವವಿಜ್ಞಾನಿ. ಅವರ ಮುಖ್ಯ ವಾದ ಇಷ್ಟು: ಇಷ್ಟು ಜಟಿಲವಾದ ಲೋಕ ತಾನಾಗಿಯೇ ಆಗಲಾರದು, ಮಾಡಿದವನೊಬ್ಬ ಬೇಕು ಅಂದರೆ, ಆ ಮಾಡಿದವನು ಲೋಕಕ್ಕಿಂತ ಜಟಿಲ ಆಗಿರಬೇಕಲ್ಲ, ಅವನು ಹೇಗೆ ಆದ? ಜೀವವಿಕಾಸ ಸರಳದಿಂದ ಜಟಿಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ದಾರಿ ತೋರಿಸುತ್ತದೆ, ದೇವರು ಅನ್ನುವ ಉತ್ತರ ತೋರಿಸುವುದಿಲ್ಲ. ಕಣ್ಣು, ರೆಕ್ಕೆ ನೋಡಿ "ಯಾರೋ ಮಾಡಿರಲೇಬೇಕು" ಅನ್ನಿಸುವವರು ಇದನ್ನೇ ಓದಬೇಕು. ಆ ಒಂದು ವಿಷಯದಲ್ಲಿ ಇದಕ್ಕಿಂತ ಚೆನ್ನಾಗಿ ಹೇಳಿದ ಜನಪ್ರಿಯ ಪುಸ್ತಕ ನಾನು ನೋಡಿಲ್ಲ. ದೇವತಾಶಾಸ್ತ್ರವನ್ನು ಸರಿಯಾಗಿ ಓದದೆ ಬರೆದರು ಅನ್ನುವ ಟೀಕೆ ಬಂತು. 2007ರಲ್ಲೇ ಅಲಿಸ್ಟರ್ ಮೆಕ್‌ಗ್ರಾತ್ ಎಂಬ ಕ್ರೈಸ್ತ ವಿದ್ವಾಂಸರು ಉತ್ತರವಾಗಿ ಪುಸ್ತಕ ಬರೆದರು. ನಂಬುವವರು ಎರಡನ್ನೂ ಜೊತೆಗಿಟ್ಟು ಓದಿದರೆ ಒಳ್ಳೆಯದು.

ಕ್ರಿಸ್ಟೋಫರ್ ಹಿಚೆನ್ಸ್ ಪತ್ರಕರ್ತ. 2007ರ 'ಗಾಡ್ ಈಸ್ ನಾಟ್ ಗ್ರೇಟ್'ನಲ್ಲಿ ಅವರ ಸಿಟ್ಟು ದೇವರಿಗಿಂತ ಜಾಸ್ತಿ ಧರ್ಮದ ಮೇಲೆ. ಪೂರ್ವದ ಧರ್ಮಗಳಲ್ಲೂ ಪರಿಹಾರ ಇಲ್ಲ ಅಂತ ಒಂದು ಅಧ್ಯಾಯ ಇದೆ, ಪುಣೆಯ ರಜನೀಶ್ ಆಶ್ರಮದ ಮಾತು ಅಲ್ಲಿ ಬರುತ್ತದೆ. ಬರವಣಿಗೆ ಚುರುಕು. ಆದರೆ ನಂಬಿಕೆ ಇನ್ನೂ ಸ್ವಲ್ಪ ಉಳಿದಿರುವವರಿಗೆ ಇದನ್ನು ಮೊದಲ ಪುಸ್ತಕವಾಗಿ ಕೊಡಬೇಡಿ. ಹೊಡೆದ ಹಾಗಾಗುತ್ತದೆ, ಯೋಚನೆ ಹುಟ್ಟುವುದಿಲ್ಲ.

ಪುರಸೊತ್ತು ಇರುವವರಿಗೆ, ನಂಬುವವರಿಗೂ

ಡೇವಿಡ್ ಹ್ಯೂಮ್ ಬರೆದ 'ಡೈಲಾಗ್ಸ್ ಕನ್ಸರ್ನಿಂಗ್ ನ್ಯಾಚುರಲ್ ರಿಲಿಜನ್' ಅವರು ತೀರಿಕೊಂಡು ಮೂರು ವರ್ಷದ ಮೇಲೆ, 1779ರಲ್ಲಿ, ಬೆಳಕು ಕಂಡಿತು. ಬದುಕಿದ್ದಾಗ ಅಚ್ಚು ಹಾಕಿಸುವುದು ಬೇಡ ಅಂತ ಸ್ನೇಹಿತರು ತಡೆದಿದ್ದರು. ಮೂರು ಜನ ಕೂತು ಮಾತಾಡುತ್ತಾರೆ. ಡೆಮಿಯಾ ಸಂಪ್ರದಾಯಸ್ಥ. ಕ್ಲಿಯಾಂತಿಸ್ ಲೋಕದ ವ್ಯವಸ್ಥೆ ನೋಡಿ ದೇವರನ್ನು ಒಪ್ಪುವವನು. ಫೈಲೋ ಸಂದೇಹದವನು. ಲೋಕ ಗಡಿಯಾರದ ಹಾಗಿದೆ, ಮಾಡಿದವನಿರಬೇಕು ಅನ್ನುವಿರಾ, ಗಿಡದ ಹಾಗಿದೆ ಅಂದರೆ ಏನು ತಪ್ಪು? ಬೀಜದಿಂದ ಬೆಳೆದಿರಬಹುದಲ್ಲ? ಅಂತ ಫೈಲೋ ಕೇಳುತ್ತಾನೆ. ಅಲ್ಲೇ ಬ್ರಾಹ್ಮಣರ ಮಾತು ತರುತ್ತಾನೆ: ಒಂದು ದೊಡ್ಡ ಜೇಡ ತನ್ನ ಹೊಟ್ಟೆಯಿಂದ ಲೋಕವನ್ನು ನೇಯ್ದಿತಂತೆ. ಮುಂಡಕ ಉಪನಿಷತ್ತಿನ ಜೇಡದ ಹೋಲಿಕೆ ಗೊತ್ತಿದ್ದವರಿಗೆ ಈ ಪುಟದಲ್ಲಿ ಮೈ ಜುಮ್ಮೆನ್ನುತ್ತದೆ. ಸ್ಕಾಟ್ಲೆಂಡಿನ ಮನುಷ್ಯನಿಗೆ ಆ ಜೇಡ ಯಾವ ದಾರಿಯಿಂದ ತಲುಪಿತೋ!

ಇಂಗ್ಲಿಷ್ ಹಳೆಯದು, ಉದ್ದುದ್ದ ವಾಕ್ಯ. ದಿನಕ್ಕೆ ಒಂದು ಭಾಗದಂತೆ ಓದಬೇಕು. ಆದರೆ ಮೂವರಿಗೂ ಮಾತಾಡಲು ಬಿಟ್ಟ ಪುಸ್ತಕ ಇದು. ನಂಬುವವರು ಕ್ಲಿಯಾಂತಿಸ್‌ನ ಪಕ್ಕ ಕೂತು ಓದಬಹುದು.

ಇನ್ನೂ ಹಿಂದೆ ಹೋಗುವ ಆಸೆ ಇದ್ದರೆ ನಮ್ಮಲ್ಲೇ ಇದೆ. ರಾಷ್ಟ್ರಕೂಟ ಅಮೋಘವರ್ಷನಿಗೆ ಗುರುವಾಗಿದ್ದ ಜಿನಸೇನಾಚಾರ್ಯರು 9ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಆದಿಪುರಾಣ ಬರೆದರು. ಪಂಪ 941ರಲ್ಲಿ ತನ್ನ ಆದಿಪುರಾಣಕ್ಕೆ ಕಥೆ ತೆಗೆದುಕೊಂಡಿದ್ದು ಅದರಿಂದಲೇ. ಅದರಲ್ಲಿ ಸೃಷ್ಟಿಕರ್ತ ಇಲ್ಲ ಅನ್ನುವ ವಾದ ಸಾಲು ಸಾಲಾಗಿ ಬರುತ್ತದೆ. ಲೋಕ ಹುಟ್ಟುವ ಮೊದಲು ದೇವರು ಎಲ್ಲಿದ್ದ? ಯಾವ ಸಾಮಗ್ರಿಯಿಂದ ಮಾಡಿದ? ಅವನು ಪರಿಪೂರ್ಣನಾಗಿದ್ದರೆ ಮಾಡುವ ಆಸೆ ಯಾಕೆ ಬಂತು? ಆಟಕ್ಕೆ ಮಾಡಿದ ಅಂದರೆ ಅದು ಮಕ್ಕಳಾಟ. ಕರುಣೆಯಿಂದ ಮಾಡಿದ ಅಂದರೆ ಎಲ್ಲರನ್ನೂ ಸುಖವಾಗಿಟ್ಟಿರಬೇಕಿತ್ತು. ಹ್ಯೂಮ್‌ಗಿಂತ ಒಂಬೈನೂರು ವರ್ಷ ಮುಂಚೆ, ನಮ್ಮ ನೆಲದ ಅರಮನೆಯ ಆಸರೆಯಲ್ಲಿ! ಆದರೆ ಗಮನಿಸಿ, ಜಿನಸೇನರು ಧರ್ಮ ಬಿಟ್ಟವರಲ್ಲ, ಜೈನ ಮುನಿಗಳು. ಸೃಷ್ಟಿಕರ್ತನನ್ನು ತೆಗೆದರು, ಕರ್ಮವನ್ನು ಇಟ್ಟುಕೊಂಡರು. ನಾನು ಚೀಟಿಯಲ್ಲಿ ಬೇರೆ ಬೇರೆ ಅಂಕ ಬರೆಯಿರಿ ಅಂದಿದ್ದು ಇದಕ್ಕೇ. ಹಳೆಯ ಲೆಕ್ಕದಲ್ಲಿ ನಾಸ್ತಿಕ ಅಂದರೆ ವೇದವನ್ನು ಒಪ್ಪದವನು, ದೇವರನ್ನು ಒಪ್ಪದವನು ಅಂತಲ್ಲ.

ಕರ್ಮವನ್ನೂ ತೆಗೆದವರು ಚಾರ್ವಾಕರು, ಕಣ್ಣಿಗೆ ಕಾಣುವುದಷ್ಟೇ ನಿಜ ಅಂದ ಹಳೆಯ ಕಾಲದ ಭೌತವಾದಿಗಳು. ಅವರ ಮಾತು ನಮಗೆ ಹೆಚ್ಚಾಗಿ ಸಿಗುವುದು ಎದುರಾಳಿಗಳ ಬರಹದಲ್ಲಿ. ವಿಜಯನಗರ ಕಾಲದ ಮಾಧವರ 'ಸರ್ವದರ್ಶನಸಂಗ್ರಹ' ಶುರುವಾಗುವುದೇ ಅವರಿಂದ. ಖಂಡಿಸಲೆಂದೇ ಬರೆದಿಟ್ಟ ಚಿತ್ರ ಅದು, ಅಷ್ಟು ನೆನಪಿಟ್ಟುಕೊಂಡು ಓದಿ.

ಪ್ರಶ್ನೆ ದೇವರದೇ ಅಲ್ಲದಿದ್ದರೆ

ಎಷ್ಟೋ ಜನ ದೇವರ ಪುಸ್ತಕ ಕೇಳುತ್ತಾರೆ, ಅವರ ನಿಜವಾದ ಸಂಕಟ ಬೇರೆ ಇರುತ್ತದೆ.

ಗಾಳಿಯಲ್ಲಿ ವಿಭೂತಿ ಬರಿಸುವವರ ಬಗ್ಗೆ ಅನುಮಾನ ಇದ್ದರೆ ಎಚ್. ನರಸಿಂಹಯ್ಯನವರ ಆತ್ಮಕಥೆ 'ಹೋರಾಟದ ಹಾದಿ' ಓದಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದವರು. ಭೌತವಿಜ್ಞಾನಿ, ಗಾಂಧಿವಾದಿ, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕಿದ ಮೇಷ್ಟ್ರು. ಪ್ರಶ್ನೆ ಕೇಳುವವನು ಹೇಗೆ ಬದುಕಬೇಕು ಅಂತ ನೋಡಲಾದರೂ ಓದಿ.

ಜಾತಿಯಿಂದ ಪೆಟ್ಟು ತಿಂದು ಧರ್ಮಗ್ರಂಥಗಳನ್ನು ಪ್ರಶ್ನಿಸುತ್ತಿರುವವರಿಗೆ ಡಾಕಿನ್ಸ್ ಏನೂ ಕೊಡುವುದಿಲ್ಲ. ಅಂಬೇಡ್ಕರ್ ಅವರ 'ರಿಡಲ್ಸ್ ಇನ್ ಹಿಂದೂಯಿಸಂ' ಬೇಕು. ಅವರು ಹೋದ ಮೇಲೆ, 1987ರಲ್ಲಿ, ಮಹಾರಾಷ್ಟ್ರ ಸರ್ಕಾರ ಅಚ್ಚು ಮಾಡಿತು. ಅದಕ್ಕೂ ಮೊದಲು 1936ರ 'ಜಾತಿ ವಿನಾಶ' ಓದಿದರೆ ದಾರಿ ಸಲೀಸು. ಅಂಬೇಡ್ಕರ್ ಧರ್ಮವೇ ಬೇಡ ಅಂದವರಲ್ಲ, ಕೊನೆಗೆ ಬುದ್ಧನ ದಾರಿ ಹಿಡಿದವರು. ಈ ಕಪಾಟಿನಲ್ಲಿ ಅವರ ಜಾಗ ಬೇರೆಯೇ.

ಇನ್ನೊಂದು ಸಂಕಟ ಇದೆ, ನನಗೆ ತೀರಾ ಹತ್ತಿರದ್ದು. ನಂಬಿಕೆ ಹೋಯಿತು, ಆದರೆ ಮನೆಯವರೆಲ್ಲ ನಂಬುವವರು, ಅವರನ್ನು ಬಿಡಲಾಗುವುದಿಲ್ಲ. ಇಂಥವರಿಗೆ ಗೋರಾ ಬರೆದ 'ಆ್ಯನ್ ಎಥಿಸ್ಟ್ ವಿತ್ ಗಾಂಧಿ' ಇದೆ. ಪುಟ್ಟ ಪುಸ್ತಕ, 1951ರದ್ದು. ಗೋರಾ ಆಂಧ್ರದವರು, ಸಸ್ಯಶಾಸ್ತ್ರದ ಮೇಷ್ಟ್ರು, ನಾಸ್ತಿಕ ಅನ್ನುವ ಕಾರಣಕ್ಕೆ ಕೆಲಸ ಕಳೆದುಕೊಂಡವರು. ಸೇವಾಗ್ರಾಮಕ್ಕೆ ಹೋಗಿ ರಾಮನಾಮದ ಗಾಂಧಿಯ ಮುಂದೆ ಕೂತು ದೇವರಿಲ್ಲ ಅಂತ ವಾದ ಮಾಡಿದರು. ಗಾಂಧಿ ಬೈಯಲಿಲ್ಲ, ಇವರೂ ಬಗ್ಗಲಿಲ್ಲ. ಗೋರಾ ತಮ್ಮ ಮಗಳನ್ನು ದಲಿತ ಹುಡುಗನಿಗೆ ಕೊಡಲು ಮುಂದಾದಾಗ ಮದುವೆ ಆಶ್ರಮದಲ್ಲೇ ಆಗಲಿ ಅಂದರು ಗಾಂಧಿ. 1948ರ ಮಾರ್ಚಿನಲ್ಲಿ ಮದುವೆ ನಡೆದಾಗ ಅವರು ಇರಲಿಲ್ಲ. ಈ ಪುಸ್ತಕದಲ್ಲಿ ಯಾರೂ ಗೆಲ್ಲುವುದಿಲ್ಲ. ಅಮ್ಮ ಇದ್ದಾಗ ಇದು ನನಗೆ ಸಿಕ್ಕಿದ್ದರೆ ಸಂಕಷ್ಟಿಯ ದಿನ ಅವರ ಪಕ್ಕ ಕೂತು ಚಂದ್ರನನ್ನು ಕಾಯುತ್ತಿದ್ದೆ. ಆಗ ನಾನು ಒಳಗೆ ಕೂತು ಓದುತ್ತಿದ್ದೆ.

ತಂಗಿಯ ಮಗನಿಗೆ ಎರಡು ಕೊಟ್ಟೆ. ಬಸ್ಸಿನಲ್ಲಿ ಓದಲು ಭಗತ್ ಸಿಂಗ್, ಹಾಸ್ಟೆಲಿಗೆ ಮೂರ್ತಿರಾಯರು. ಡಾಕಿನ್ಸ್ ಕೇಳಿದ, ಈಗ ಬೇಡ ಅಂದೆ. ಅವನ ಪೆನ್ನು ಸೃಷ್ಟಿಕರ್ತನ ಮುಂದೆ ನಿಂತಿರಲಿಲ್ಲ.

ಮೂರು ವಾರದ ಮೇಲೆ ಫೋನ್ ಮಾಡಿದ. "ದೊಡ್ಡಮ್ಮ, ಕರ್ಮದ ಅಂಕ ಈಗ 5 ಮಾಡಿದೀನಿ. ಆದ್ರೆ ಒಂದು ಕೇಳ್ಲಾ? ಅಜ್ಜಿ ಅಷ್ಟು ನೋವು ತಿಂದರಲ್ಲ. ಪಾಪದ ಫಲ ಅಂತ ಅಂದ್ಕೊಂಡಿದ್ದಕ್ಕೆ ಅವರಿಗೆ ತಡ್ಕೊಳ್ಳೋಕೆ ಆಯ್ತೋ, ಇಲ್ಲಾ ಅದರಿಂದ್ಲೇ ನೋವು ಜಾಸ್ತಿ ಆಯ್ತೋ?"

ನನಗೆ ಗೊತ್ತಿಲ್ಲ ಅಂದೆ. ಸಂಕ್ರಾಂತಿಗೆ ಬಾ, ಗೋರಾ ಪುಸ್ತಕ ತೆಗೆದಿಟ್ಟಿರ್ತೀನಿ, ಅಮ್ಮನನ್ನೂ ಕರ್ಕೊಂಡು ಬಾ ಅಂತ ಹೇಳಿದೆ.